ಕಳವಿಗೆ ಎಷ್ಟು ಹೆಸರು?

ಬಳ್ಳಾರಿಯ ಅದಿರಿನ ಬಗ್ಗೆ ಕನ್ನಡ ಪತ್ರಿಕೆಗಳು ಬರೆದ ರಾಶಿ ಪುಟಗಳಿಂದ ಜನರ ನಾಲಿಗೆಗೆ ಅಂಟಿಕೊಂಡ ಪದ ‘ಗಣಿಧಣಿ’. ಪ್ರಾಸ ಚೆನ್ನಾಗಿತ್ತು, ತಲೆಬರಹಕ್ಕೆ ಅಳತೆ ಮಾಡಿದ ಹಾಗೆ ಕೂರುತ್ತಿತ್ತು. ಬರೆದವರು ವ್ಯಂಗ್ಯದಿಂದಲೇ ಬರೆದಿರಬಹುದು. ಆದರೆ ಧಣಿ ಎನ್ನುವುದು ಆಳಿನ ಬಾಯಿಯ ಮಾತು. ಕೂಲಿಯವನು ಒಡೆಯನ ಮುಂದೆ ಟವೆಲ್ಲು ಕಂಕುಳಲ್ಲಿಟ್ಟುಕೊಂಡು ಆಡುವ ಮಾತು. ಅದನ್ನು ವರ್ಷಗಟ್ಟಲೆ ಓದಿದವನು ತನಗೆ ಗೊತ್ತಿಲ್ಲದೆಯೇ ಆಳಿನ ಜಾಗದಲ್ಲಿ ನಿಲ್ಲುತ್ತಾನೆ. ಕಳ್ಳ ದೋಚಿದ ಎಂದರೆ ನಮಗೆ ಸಿಟ್ಟು ಬರುತ್ತದೆ. ಧಣಿ ದೋಚಿದ ಎಂದರೆ ಸಿಟ್ಟಿನ ಜೊತೆ ಸ್ವಲ್ಪ ಬೆರಗೂ ಬರುತ್ತದೆ.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಸಲ್ಲಿಸಿದ ವರದಿ, 2006ರಿಂದ 2010ರವರೆಗೆ ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದಿತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಇಷ್ಟು ದೊಡ್ಡ ಸಂಗತಿಗೆ ಸಿಕ್ಕಿದ ಹೆಸರುಗಳನ್ನು ನೋಡಿ. ‘ನಷ್ಟ’ ಎಂದರೆ ಮಳೆ ಕೈಕೊಟ್ಟರೂ ಆಗುವಂಥದ್ದು, ಅದಕ್ಕೆ ಮಾಡಿದವನು ಬೇಕಿಲ್ಲ. ಪರ್ಮಿಟ್ಟು ಮೀರಿ ತುಂಬಿದ ಅದಿರಿಗೆ ‘ಓವರ್‌ಲೋಡ್’ ಎಂದರು, ತಪ್ಪು ಲಾರಿಯ ಮೈಮೇಲೆ ಬಿತ್ತು. ಕದ್ದ ಅದಿರು ಯಾರ ತಡೆಯೂ ಇಲ್ಲದೆ ಸಾಗುವಂತೆ ಮಾಡಿದ ಏರ್ಪಾಡಿಗೆ ‘ಝೀರೋ ರಿಸ್ಕ್’ ಎಂಬ ಹೆಸರಿತ್ತು ಎಂದು ಅದೇ ವರದಿ ಹೇಳುತ್ತದೆ. ವಿಮಾ ಕಂಪನಿಯ ಜಾಹೀರಾತಿನ ಮಾತಿನ ಹಾಗಿದೆ!

ಇವೆಲ್ಲಕ್ಕಿಂತ ಜಾಣ ಪದ ‘ಅಕ್ರಮ’. ಸಾಲಿನಲ್ಲಿ ಮುಂದೆ ನುಗ್ಗಿದವನದೂ ಅಕ್ರಮ, ಗುಡ್ಡ ಕರಗಿಸಿದವನದೂ ಅಕ್ರಮ. ಕಳವು ಎಂದೊಡನೆ, ಯಾರದು ಕಳುವಾಯಿತು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಅಕ್ರಮ ಎಂದರೆ ನಿಯಮ ಒಂದು ಮುರಿಯಿತು, ಅಷ್ಟೆ, ಕಳೆದುಕೊಂಡವರು ಕಾಣುವುದಿಲ್ಲ. ಅದಕ್ಕೇ ನಮ್ಮಲ್ಲಿ ‘ಅಕ್ರಮ-ಸಕ್ರಮ’ ಎಂಬ ಯೋಜನೆ ಸಾಧ್ಯ. ಕಳವನ್ನು ಸಕ್ರಮ ಮಾಡುತ್ತೇವೆಂದು ಯಾವ ಸರಕಾರ ತಾನೇ ಹೇಳೀತು?

ಅದಿರಿಗೆ ಕಟ್ಟಬೇಕಾದ ಹಣದ ಹೆಸರೇ ‘ರಾಜಧನ’. ರಾಜರು ಹೋಗಿ ಎಷ್ಟು ಕಾಲವಾಯಿತು! ರಾಜನ ಪಾಲನ್ನು ತಪ್ಪಿಸಿದರೆ ಯಾರ ಹೊಟ್ಟೆ ಉರಿಯಬೇಕು? 2009ರ ಆಗಸ್ಟ್‌ವರೆಗೆ ಅದು ಟನ್ನಿಗೆ 30 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಅದನ್ನು ‘ಊರಿನ ಪಾಲು’ ಎಂದು ಕರೆದಿದ್ದರೆ ಸಂಡೂರಿನ ಜನ ದರ ಕೇಳಿಯೇ ರೊಚ್ಚಿಗೇಳುತ್ತಿದ್ದರು.

ತೀರ್ಪು ಬರುವ ಮೊದಲೇ ಒಬ್ಬನನ್ನು ಕಳ್ಳ ಎನ್ನಬಾರದು ಎಂಬ ಮಾತುಂಟು. ಒಪ್ಪಿದೆವು. ಆದರೆ ತೀರ್ಪು ಬೇಕಾಗಿರುವುದು ಮನುಷ್ಯನಿಗೆ. ಕೃತ್ಯದ ಹೆಸರು ಹೇಳಲು ನ್ಯಾಯಾಧೀಶರಿಗಾಗಿ ಕಾಯಬೇಕಿಲ್ಲ.

ಗಣಿಯ ಹಿಂದೆ ದೊಡ್ಡವರಿದ್ದರು, ಪತ್ರಿಕೆಗಳ ನಾಲಿಗೆ ತಡವರಿಸಿತು ಎಂದು ಸಮಾಧಾನ ಹೇಳಿಕೊಳ್ಳಬಹುದು. ದೊಡ್ಡವರಿಲ್ಲದ ಕಡೆಯೂ ಕತೆ ಇದೇ. ಕುರುಗೋಡು-ಸಿರುಗುಪ್ಪ ಭತ್ತದ ಸೀಮೆ, ತುಂಗಭದ್ರಾ ಕಾಲುವೆಗಳ ಅನ್ನ. ಮೇಲ್ಭಾಗದಲ್ಲಿ ಕಾಲುವೆಗೆ ಮೋಟಾರು ಇಟ್ಟವನು ‘ನೀರು ಎತ್ತುತ್ತೇನೆ’ ಎನ್ನುತ್ತಾನೆ. ಕಚೇರಿಯ ಕಡತದಲ್ಲಿ ಅದು ‘ಅನಧಿಕೃತ ನೀರಾವರಿ’. ಕಾಲುವೆಯ ಕೊನೆಯಲ್ಲಿ, ಬಿರಿದ ಗದ್ದೆಯ ಬದುವಿನ ಮೇಲೆ ನಿಂತವನು ಮಾತ್ರ ‘ಕದ್ದರು’ ಎನ್ನುತ್ತಾನೆ. ಆದರೆ ಆ ಮೋಟಾರಿನ ತಾಮ್ರದ ಕೇಬಲ್ಲನ್ನು ಒಬ್ಬ ಬಡ ಹುಡುಗ ಕತ್ತರಿಸಿಕೊಂಡು ಹೋದನೆನ್ನಿ, ಆಗ ಮೇಲಿನವರು, ಕೆಳಗಿನವರು, ಕಚೇರಿಯವರು ಎಲ್ಲರಿಗೂ ಒಂದೇ ಪದ ಸಿಗುತ್ತದೆ. ಅವನು ಕಳ್ಳ. ಅವನಿಗೆ ಅನಧಿಕೃತ ಎಂಬ ಮರ್ಯಾದೆ ಇಲ್ಲ.

ಉರ್ದು ಬಲ್ಲವರು ಈ ಆಟಕ್ಕೆ ಹೊರಗಿನವರೇನಲ್ಲ. ಕನ್ನಡಕ್ಕೆ ನಮ್ಮ ಕಡೆಯಿಂದ ಹೋದ ‘ಮಾಮೂಲು’ ಇದೆಯಲ್ಲ, ಅದರ ಅರ್ಥ ‘ವಾಡಿಕೆ’ ಎಂದಷ್ಟೇ. ರಿಶ್ವತ್ ಹರಾಮ್ ಎಂದು ಜುಮಾ ದಿನ ಕೇಳಿ ತಲೆಯಾಡಿಸಿದವರು ಸೋಮವಾರ ಚೆಕ್‌ಪೋಸ್ಟಿನಲ್ಲಿ ಮಾಮೂಲು ಕೊಡುತ್ತಾರೆ. ಕೊಟ್ಟದ್ದು ರಿಶ್ವತ್ ಅಲ್ಲವಲ್ಲ!

ಇನ್ನು ಮನೆಯೊಳಗಿನ ಪದ. ಕನ್ನಡದವರ ‘ವರದಕ್ಷಿಣೆ’ಯಲ್ಲಿ ದಕ್ಷಿಣೆ ಇದೆ, ಪುರೋಹಿತನಿಗೆ ಭಕ್ತಿಯಿಂದ ಕೊಡುವ ಕಾಣಿಕೆ. ನಮ್ಮವರದು ಇನ್ನೂ ನಯ: ‘ಜೋಡೇ ಕೀ ರಖಮ್’. ಜೋಡಾ ಎಂದರೆ ಮದುಮಗನ ಒಂದು ಜೊತೆ ಬಟ್ಟೆ. ಆ ಬಟ್ಟೆಗೆಂದು ಲಕ್ಷಗಳಲ್ಲಿ ಮಾತುಕತೆ ನಡೆಯುತ್ತದೆ. ಯಾವ ದರ್ಜಿ ಹೊಲಿಯುತ್ತಾನೋ ಅಲ್ಲಾಹನೇ ಬಲ್ಲ. ಕೌಲ್ ಬಜಾರಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ ‘ನೀವು ವರದಕ್ಷಿಣೆ ತಗೊಂಡ್ರಾ?’ ಎಂದು ಗಂಡಿನ ತಾಯಿಯನ್ನು ಕೇಳಿ ನೋಡಿ. ‘ತೌಬಾ’ ಎಂದು ಕೆನ್ನೆ ಬಡಿದುಕೊಳ್ಳುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ. ಅವರ ಮಟ್ಟಿಗೆ ಅದು ಬಟ್ಟೆಯ ದುಡ್ಡು, ‘ಖುಷೀ ಸೇ ದಿಯೇ’.

1961ರ ವರದಕ್ಷಿಣೆ ನಿಷೇಧ ಕಾಯ್ದೆ ಮುಸ್ಲಿಮರ ವಿಷಯದಲ್ಲಿ ಹೊರಗಿಟ್ಟಿರುವುದು ಮಹರನ್ನು ಮಾತ್ರ, ಅಂದರೆ ಗಂಡು ಹೆಣ್ಣಿಗೆ ಕೊಡಬೇಕಾದದ್ದನ್ನು. ಹೆಣ್ಣಿನ ಕಡೆಯಿಂದ ಗಂಡಿಗೆ ಬರುವ ಜೋಡಾಕ್ಕೆ ಅಲ್ಲಿ ಯಾವ ವಿನಾಯಿತಿಯೂ ಇಲ್ಲ. ಕುರಾನ್ ಕೊಡು ಎಂದದ್ದನ್ನು ನಮ್ಮಲ್ಲಿ ಎಷ್ಟೋ ಸಲ ಮುಂದೂಡಿ ಬಾಯಿಮಾತಿನಲ್ಲಿ ಉಳಿಸುತ್ತಾರೆ. ಯಾರೂ ತೆಗೆದುಕೋ ಎನ್ನದಿದ್ದದ್ದು ಮುಂಗಡವಾಗಿ ನಗದಿನಲ್ಲಿ ಬರುತ್ತದೆ. ನಿಕಾಹ್‌ನಾಮೆಯಲ್ಲಿ ಮಹರಿಗೆ ಒಂದು ಸಾಲು ಇದೆ. ಅದರ ಕೆಳಗೆ, ಗಂಡಿನವರು ಪಡೆದ ಹಣಕ್ಕೂ ಒಂದು ಸಾಲು ಬಿಡಲಿ. ಇಬ್ಬರು ಸಾಕ್ಷಿಗಳ ಎದುರು, ಖಾಜಿ ಸಾಹೇಬರು ಪೆನ್ನು ಹಿಡಿದು ಕೂತಿರುವಾಗ, ಅಲ್ಲಿ ಯಾವ ಪದ ಬರೆಸುತ್ತಾರೆ ಎಂದು ನೋಡಲು ನಮಗೆ ಬಹಳ ಆಸೆ.