ಸ್ವರ ಅಡಗುವ ಬಗೆ

ಸುಝಾನ್ ಸಿಯಾನಿ 1975ರಲ್ಲಿ ನ್ಯೂಯಾರ್ಕಿನಲ್ಲಿ ಬುಕ್ಲಾ ಸಿಂಥಸೈಜರ್ ನುಡಿಸಿದ ಕಛೇರಿಗಳ ಮುದ್ರಿಕೆ 2016ರಲ್ಲಿ ಹೊರಬಂತು. ಅದರಲ್ಲಿ ನಾನು ಸೋತದ್ದು ಸ್ವರಗಳು ಅಡಗುವ ಬಗೆಗೆ. ಬರೀ ವಿದ್ಯುತ್ತು, ಕಂಚಿನ ಬಟ್ಟಲಿಗೆ ಚಮಚ ತಾಗಿದಂತೆ ಅನುರಣಿಸಿ ಇಲ್ಲವಾಗುತ್ತದೆ!

ಬುಕ್ಲಾದ ಈ ಗುಣ ಲೋ ಪಾಸ್ ಗೇಟ್ ಎಂಬ ಘಟಕದ್ದು. ಒಳಗೊಂದು ಪುಟ್ಟ ದೀಪ, ಎದುರಿಗೆ ಬೆಳಕಿಗೆ ಸ್ಪಂದಿಸುವ ರೋಧಕ. ದೀಪ ಆರಿದರೂ ರೋಧಕ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ದನಿ ತಗ್ಗುತ್ತ ತಗ್ಗುತ್ತ ಹೊಳಪನ್ನೂ ಕಳೆದುಕೊಳ್ಳುತ್ತದೆ.

ಬಿಡಿ ಘಟಕಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಕೊಳ್ಳುವವರಿಗೆ ಜಾಗದ್ದೇ ಚಿಂತೆ. ಜರ್ಮನಿಯ ಡೋಪ್ಫರ್ ಕಂಪನಿಯ ಎ-101-2 ಗೇಟಿನ ಅಗಲ ನಾಲ್ಕೇ ಸೆಂಟಿಮೀಟರು. ಇನ್ನೂ ಕಿರಿದಾದವೂ ಸಿಗುತ್ತವೆ. ಗುಂಡಿಗಳ ನಡುವೆ ಬೆರಳು ತೂರುವುದೇ ಕಷ್ಟ, ಬಳೆಯ ಕೈಯ ಮಾತು ಬಿಡಿ. ದೀಪವನ್ನೇ ಕೈಬಿಟ್ಟ ಮಾದರಿಗಳ ದನಿ ಮಾತ್ರ ನನ್ನ ಕಿವಿಗೆ ತೀರ ಅವಸರದ್ದು. ಜಾಗ ಉಳಿಯಿತೆಂದು ಅವನ್ನು ಕೊಳ್ಳಲಾರೆ.