ಚಿತ್ರದುರ್ಗ ಸೀಮೆಯ ಗೋಸಂಪತ್ತು: ಕಾವ್ಯ, ಕಡತ ಮತ್ತು ತಳಿವಿಜ್ಞಾನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯ ನಾದದೊಡನೆ ಹಾಡಿಕೊಂಡು ಬಂದಿರುವ ಜುಂಜಪ್ಪನ ಕಾವ್ಯವೂ, ಮ್ಯಾಸಬೇಡರ ನಡುವೆ ಉಳಿದುಬಂದಿರುವ ಗಾದ್ರಿ ಪಾಲನಾಯಕನ ಕಾವ್ಯವೂ ಕನ್ನಡ ವಿಮರ್ಶೆಗೆ ಹೊಸತಲ್ಲ. ಅವುಗಳ ಕಥಾಸಂವಿಧಾನ, ಆಚರಣೆಯ ಹಿನ್ನೆಲೆ, ವೀರನ ಸ್ವರೂಪ ಇತ್ಯಾದಿ ವಿಚಾರವಾಗಿ ವಿದ್ವಾಂಸರು ಬಹುಮಟ್ಟಿಗೆ ವಿವೇಚಿಸಿದ್ದಾರೆ. ಆದರೆ ಈ ಕಾವ್ಯಗಳ ಜೀವವಾಗಿರುವ ದನದ ಮಂದೆಯನ್ನು ಕುರಿತು ಆಲೋಚಿಸಿದವರು ಕಡಮೆ. ಮಂದೆಯ ಪ್ರಸ್ತಾಪ ಬಂದಾಗ ಸಾಮಾನ್ಯವಾಗಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ನಮ್ಮ ಹಿರಿಯರು ತಳಿಯ ಶುದ್ಧಿಯನ್ನು ಸಹಸ್ರಾರು ವರ್ಷ ಕಾಪಾಡಿಕೊಂಡು ಬಂದರೆಂದೂ, ಇಂದಿನ ತಳಿವಿಜ್ಞಾನ ಅದನ್ನೇ ಸ್ಥಿರಪಡಿಸಿದೆಯೆಂದೂ ಒಂದು ಪಕ್ಷ ಹೇಳುತ್ತದೆ. ಹಾಡು ಹಾಡೇ, ವಿಜ್ಞಾನ ವಿಜ್ಞಾನವೇ. ಇವೆರಡನ್ನೂ ಹೊಂದಿಸುವ ಯತ್ನವೇ ವ್ಯರ್ಥವೆಂಬುದು ಇನ್ನೊಂದು ಪಕ್ಷ. ಈ ಎರಡು ಪಕ್ಷಗಳೂ ಪರೀಕ್ಷೆಗೆ ನಿಲ್ಲಲಾರವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮೊದಲು ಕಡತದ ಸಾಕ್ಷ್ಯ. ಇಂದು ಅಮೃತಮಹಲ್ ಎಂದು ಹೆಸರಾಗಿರುವ ತಳಿಯ ಮೂಲ ಮೈಸೂರಿನ ಅರಸು ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯಲ್ಲಿದೆ. ಹೈದರನ ಕಾಲದಲ್ಲಿ ಈ ಮಂದೆ ಸೈನ್ಯದ ಸಾಗಾಣಿಕೆಗೆ ಒದಗಿತು. ಟೀಪು ಅದಕ್ಕೆ ಅಮೃತಮಹಲ್ ಎಂಬ ಹೆಸರನ್ನಿತ್ತನು. 1799ರ ತರುವಾಯ ಬ್ರಿಟಿಷರು ಇದರ ಬೆಲೆಯನ್ನರಿತು ಬಳಸಿಕೊಂಡರು. 1860ರಲ್ಲಿ ಖರ್ಚನ್ನು ಉಳಿಸುವ ನೆಪದಿಂದ ಮಂದೆಯನ್ನು ಮಾರಿ, ತಮ್ಮ ತಪ್ಪನ್ನು ಕಂಡುಕೊಂಡು 1866ರಲ್ಲಿ ಮರಳಿ ಕಟ್ಟಬೇಕಾಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಮಂದೆ ಒಂದೇ ಮೂಲದಿಂದ ಬೆಳೆದುದಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳನ್ನು ಕೂಡಿಸಿ ಇದನ್ನು ರೂಪಿಸಿದರೆಂದು ದಾಖಲೆಗಳೇ ಹೇಳುತ್ತವೆ. ಅಂದಮೇಲೆ ‘ಶುದ್ಧ ಅಮೃತಮಹಲ್’ ಎಂಬ ಮಾತಿನಲ್ಲಿ ಶುದ್ಧಿಯೆಂಬುದು ಮೂರು ಸೀಮೆಗಳ ಕೂಡುವಿಕೆಯ ಫಲ. ಚಿತ್ರದುರ್ಗದ ದನ ಆ ಕೂಟದಲ್ಲಿ ಒಂದು ಪಾಲು.

ಇನ್ನು ತಳಿವಿಜ್ಞಾನದ ಸಾಕ್ಷ್ಯ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು 1994ರಲ್ಲಿ ತಾಯಿಯಿಂದ ಮಾತ್ರ ಸಂತಾನಕ್ಕೆ ಇಳಿದುಬರುವ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದರು. ಡುಬ್ಬವುಳ್ಳ ನಮ್ಮ ದನಗಳ ಕುಲವೂ ಡುಬ್ಬವಿಲ್ಲದ ಯೂರೋಪಿನ ದನಗಳ ಕುಲವೂ ಮನುಷ್ಯನು ಪಶುಗಳನ್ನು ಪಳಗಿಸುವುದಕ್ಕೆ ಲಕ್ಷಾಂತರ ವರ್ಷ ಮೊದಲೇ ಬೇರ್ಪಟ್ಟಿದ್ದವೆಂದು ಅದರಿಂದ ತಿಳಿದುಬಂದಿತು. ಆದಕಾರಣ ಗೋವನ್ನು ಪಳಗಿಸುವ ಕಾರ್ಯ ಒಂದೇ ಕಡೆ ನಡೆದು ಹಬ್ಬಿದುದಲ್ಲ. ಪಶ್ಚಿಮ ಏಷ್ಯದಲ್ಲಿ ಒಮ್ಮೆ, ಭಾರತ ಉಪಖಂಡದ ಕಡೆ ಇನ್ನೊಮ್ಮೆ ನಡೆಯಿತೆಂಬ ತೀರ್ಮಾನ ಬಲವಾಯಿತು. ಆ ಅಧ್ಯಯನದಲ್ಲಿಯೇ ಇನ್ನೊಂದು ವಿಸ್ಮಯವೂ ಇತ್ತು. ಆಫ್ರಿಕದ ಡುಬ್ಬವುಳ್ಳ ದನಗಳು ನೋಟಕ್ಕೆ ನಮ್ಮವುಗಳಂತಿದ್ದರೂ ತಾಯಿಯ ಕಡೆಯಿಂದ ಅವು ಡುಬ್ಬವಿಲ್ಲದ ಕುಲಕ್ಕೆ ಸೇರಿದವು. ಹೋರಿಗಳು ಒಂದು ಕಡೆಯಿಂದ, ಹಸುಗಳು ಇನ್ನೊಂದು ಕಡೆಯಿಂದ ಬಂದು ಆ ಮಂದೆಗಳು ಬೆಳೆದಿವೆಯೆಂದು ಇದರಿಂದ ಊಹಿಸಬಹುದು. ಕೊಂಬು, ಡುಬ್ಬ, ಮೈಬಣ್ಣಗಳನ್ನು ನೋಡಿ ವಂಶವನ್ನು ನಿರ್ಣಯಿಸುವ ರೂಢಿ ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಷ್ಟರಿಂದಲೇ ಮೊದಲನೆಯ ಪಕ್ಷ ಸಡಿಲವಾಗುತ್ತದೆ. ನಮ್ಮ ಗೋಕುಲ ಅತಿ ಪ್ರಾಚೀನವೆಂದು ವಿಜ್ಞಾನ ಹೇಳುವುದು ನಿಜ. ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ನಡೆಸಿದ ಉತ್ಖನನವೂ, ದಕ್ಷಿಣದ ನವಶಿಲಾಯುಗದ ಬೂದಿದಿಬ್ಬಗಳ ಅಧ್ಯಯನವೂ ಈ ನಾಡಿನ ಪಶುಪಾಲನೆಯ ಹಳಮೆಯನ್ನು ತೋರಿಸಿವೆ. ಆದರೆ ಕುಲದ ಪ್ರಾಚೀನತೆ ಬೇರೆ, ತಳಿಯ ಶುದ್ಧಿ ಬೇರೆ. ದನಗಳ ವಿಷಯದಲ್ಲಿ ತಳಿತಳಿಗಳ ನಡುವಣ ವ್ಯತ್ಯಾಸಕ್ಕಿಂತ ಒಂದೇ ತಳಿಯೊಳಗಣ ವ್ಯತ್ಯಾಸವೇ ಹೆಚ್ಚೆಂಬುದು ಅನೇಕ ಪರೀಕ್ಷೆಗಳಿಂದ ತಿಳಿದಿರುವ ಸಂಗತಿ. ಈ ಒಳವೈವಿಧ್ಯವೇ ವಿಕಾಸದ ಬಂಡವಾಳ. ಬರ, ರೋಗ, ಮೇವಿನ ಅಭಾವ ಇವು ಬಂದೊದಗಿದಾಗ ಮಂದೆಯಲ್ಲಿ ಕೆಲವಾದರೂ ತಾಳಿಕೊಂಡು ಉಳಿಯುವುದು ಅವು ಒಂದರಂತೆ ಒಂದು ಇಲ್ಲದಿರುವುದರಿಂದ. ಶುದ್ಧಿಯ ಹೆಸರಿನಲ್ಲಿ ಎಲ್ಲವನ್ನೂ ಒಂದೇ ಅಚ್ಚಿಗೆ ಒಯ್ಯುವುದು ಆ ಬಂಡವಾಳವನ್ನೇ ಕರಗಿಸುವ ಮಾರ್ಗ.

ಇದನ್ನು ಒಂದು ಸುಲಭವಾದ ಲೆಕ್ಕದಿಂದ ವಿದ್ಯಾರ್ಥಿಗಳಿಗೆ ಮನಗಾಣಿಸಬಹುದು. ಮಂದೆಯೊಂದರ ತಲೆಯೆಣಿಕೆ ಬೇರೆ, ಮುಂದಿನ ಪೀಳಿಗೆಗೆ ವೈವಿಧ್ಯವನ್ನು ಸಾಗಿಸುವ ಅದರ ಪರಿಣಾಮಕ ಸಂಖ್ಯೆ ಬೇರೆ. ಸಂತಾನೋತ್ಪತ್ತಿಯಲ್ಲಿ ತೊಡಗಿರುವ ಹೋರಿಗಳ ಮತ್ತು ಹಸುಗಳ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿ, ಬಂದುದನ್ನು ನಾಲ್ಕರಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿದರೆ ಅದು ದೊರೆಯುತ್ತದೆ. ನೂರು ಹಸುಗಳಿಗೆ ನಾಲ್ಕು ಹೋರಿಗಳಿದ್ದರೆ ಪರಿಣಾಮಕ ಸಂಖ್ಯೆ ಸುಮಾರು 15.4. ಹಸುಗಳನ್ನು ನಾಲ್ಕುನೂರಕ್ಕೆ ಏರಿಸಿದರೂ ಅದು 15.8ನ್ನು ಮೀರದು. ಹಸುಗಳು ನೂರೇ ಇದ್ದು ಹೋರಿಗಳನ್ನು ಎಂಟು ಮಾಡಿದರೆ 29.6 ಆಗುತ್ತದೆ. ಸಂರಕ್ಷಣೆಯಲ್ಲಿ ತೊಡಗಿದವರು ಈ ಸಂಖ್ಯೆ ಐವತ್ತಕ್ಕಿಂತ ಕೆಳಗಿಳಿಯಬಾರದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಹೀಗಿರಲು, ಅತ್ಯುತ್ತಮವೆನಿಸಿದ ಒಂದೆರಡು ಹೋರಿಗಳನ್ನೇ ಎಲ್ಲ ಕಡೆಗೂ ಬಳಸುವ ಪದ್ಧತಿ ಎಷ್ಟೇ ಸದುದ್ದೇಶದ್ದಾದರೂ ರಕ್ತಸಂಬಂಧದ ಕೂಡುವಿಕೆಯನ್ನು ಹೆಚ್ಚಿಸಿ ತಳಿಯನ್ನು ಒಳಗಿಂದೊಳಗೆ ಸವೆಯಿಸುತ್ತದೆ.

ಈ ಬೆಳಕಿನಲ್ಲಿ ಕಾವ್ಯವನ್ನು ಮತ್ತೆ ನೋಡಬೇಕು. ಜುಂಜಪ್ಪನ ಕಾವ್ಯದಲ್ಲಿ ಬಡಮೈಲನೆಂಬ ಹೋರಿಗೆ ದೊರೆತಿರುವ ಸ್ಥಾನ ಎಲ್ಲರಿಗೂ ವಿದಿತ. ವೀರನಿಗೆ ಸಮನಾದ ಪಾತ್ರವಾಗಿ ಒಂದು ಹೋರಿ ನಿಲ್ಲುವುದು ಕಾವ್ಯಧರ್ಮಕ್ಕೆ ಸಹಜ. ಕೇಳುಗರ ಮನಸ್ಸು ಒಂದು ಮುಖವನ್ನು, ಒಂದು ಹೆಸರನ್ನು ಬೇಡುತ್ತದೆ. ಇದನ್ನು ತಳಿಸಂವರ್ಧನೆಯ ಸೂತ್ರವೆಂದು ಓದಿದರೆ ಕಾವ್ಯಕ್ಕೂ ಅಪಚಾರ, ವಿಜ್ಞಾನಕ್ಕೂ ಅಪಚಾರ. ಒಂದೇ ಹೋರಿಯ ಹಿರಿಮೆಯಿಂದ ಮಂದೆ ಬಾಳುತ್ತದೆಂಬುದನ್ನು ಮೇಲಿನ ಲೆಕ್ಕ ಒಪ್ಪುವುದಿಲ್ಲ.

ಹಾಗಾದರೆ ಕಾವ್ಯದಲ್ಲಿ ತಿಳಿವಿಲ್ಲವೆ? ಇದೆ, ಆದರೆ ಅದು ಬೇರೆಡೆ ಇದೆ. ಈ ಕಾವ್ಯಗಳಲ್ಲಿ ದನ ಎಂದೂ ಕೊಟ್ಟಿಗೆಯ ಪ್ರಾಣಿಯಲ್ಲ. ಅದು ಅಡವಿ, ಹುಲ್ಲು, ನೀರುಗಳೊಡನೆಯೂ ಕಾಯುವವನೊಡನೆಯೂ ಕೂಡಿದ ಜೀವ. ಮ್ಯಾಸಬೇಡರಲ್ಲಿ ದೇವರ ಎತ್ತುಗಳ ಮಂದೆಯನ್ನು ನೋಡಿಕೊಳ್ಳುವ ಕಿಲಾರಿಯ ಬಾಳು ಮಂದೆಯ ಹಿಂದೆಯೇ ಸಾಗುತ್ತದೆ. ಆ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಅವು ದೇವರವು. ಆಶ್ಚರ್ಯವೆಂದರೆ ಸರ್ಕಾರದ ಕಡತವೂ ಇಲ್ಲಿ ಕಾವ್ಯದ ಜತೆಗೂಡುತ್ತದೆ. ಅಮೃತಮಹಲ್ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಋತುವಿಗೆ ತಕ್ಕಂತೆ ಮಂದೆ ಕಾವಲಿನಿಂದ ಕಾವಲಿಗೆ ನಡೆಯುತ್ತಿತ್ತು. ನಡೆಯಲಾರದ್ದು, ಒಣಹುಲ್ಲಿನಲ್ಲಿ ಬಾಳಲಾರದ್ದು ಅಲ್ಲಿಯೇ ಹಿಂದುಳಿಯಿತು. ಹೈದರನ ಸೈನ್ಯಕ್ಕೆ ಒದಗಿದ ಆ ಕಾಲ್ಬಲ ಅರಮನೆಯ ಆಯ್ಕೆಯಿಂದ ಮಾತ್ರ ಬಂದುದಲ್ಲ, ನೆಲದ ಆಯ್ಕೆಯಿಂದಲೂ ಬಂದುದು. ಪ್ರಕೃತಿಯ ಆಯ್ಕೆಯೂ ಮನುಷ್ಯನ ಆಯ್ಕೆಯೂ ಒಂದೇ ಬಯಲಿನಲ್ಲಿ ಕೂಡಿ ಕೆಲಸಮಾಡಿದುದರ ಫಲ ಈ ತಳಿ. ಕಾವ್ಯವನ್ನು ವಿಜ್ಞಾನದಿಂದ ಬೇರೆಯಾಗಿಡಬೇಕೆನ್ನುವ ಎರಡನೆಯ ಪಕ್ಷ ಇಲ್ಲಿ ಸೋಲುತ್ತದೆ. ಜೀನುಗಳ ಪಟ್ಟಿ ಹೇಳದಿರುವ, ತಳಿಯ ಬದುಕಿನ ಸನ್ನಿವೇಶವನ್ನು ಕಾವ್ಯ ಉಳಿಸಿಕೊಂಡಿದೆ.

ಇದೇ ನ್ಯಾಯ ಕಾಡಿನ ಪ್ರಾಣಿಗಳಿಗೂ ಸಲ್ಲುತ್ತದೆ. ಚಿತ್ರದುರ್ಗದಿಂದ ಹಿರಿಯೂರಿನತ್ತ ಹಬ್ಬಿರುವ ಜೋಗಿಮಟ್ಟಿಯ ಗುಡ್ಡಸಾಲು ಚಿರತೆ, ಕರಡಿಗಳ ನೆಲೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ; ಕೆಳಗೆ ಹೆದ್ದಾರಿ ಹಾದಿದೆ. ಹೀಗೆ ಕತ್ತರಿಸಿಹೋದ ನೆಲೆಗಳಲ್ಲಿ ಪ್ರಾಣಿಗಳಿಗೆ ಏನಾಗಬಹುದೆಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಅವರ ಸಂಗಡಿಗರು ಹುಲಿಗಳನ್ನು ಕುರಿತು 2021ರಲ್ಲಿ ಪ್ರಕಟಿಸಿದ ಅಧ್ಯಯನಗಳು ತಿಳಿಸುತ್ತವೆ. ಒಡಿಶಾದ ಸಿಮಿಲಿಪಾಲದಲ್ಲಿ ಪಟ್ಟೆಗಳು ಅಗಲವಾಗಿ ಮೈಯೆಲ್ಲ ಕಪ್ಪಾದಂತೆ ಕಾಣುವ ಹುಲಿಗಳು ಹೆಚ್ಚಾಗಿರುವುದಕ್ಕೆ ಒಂದೇ ಜೀನಿನ ಮಾರ್ಪಾಡು ಕಾರಣ. ಬೇರೆಡೆ ಅತಿ ವಿರಳವಾದ ಆ ಲಕ್ಷಣ ಅಲ್ಲಿ ಸಾಮಾನ್ಯವಾಗಲು ಆ ಹುಲಿಗಳು ಕೆಲವೇ ಪೂರ್ವಜರಿಂದ ಬಂದು ಇತರ ಹುಲಿಗಳಿಂದ ಬೇರ್ಪಟ್ಟು ನಿಂತಿರುವುದು ಕಾರಣ. ನೋಡುವವರು ಸೊಬಗೆಂದು ಮೆಚ್ಚುವುದನ್ನು ತಳಿವಿಜ್ಞಾನಿ ಒಂಟಿತನದ ಕುರುಹೆಂದು ಓದುತ್ತಾನೆ. ಒಂದೇ ಬಗೆಯ ಕೊಂಬಿಗಾಗಿ ಹೋರಿಯನ್ನು ಆಯುವ ನಾವು ಈ ಪಾಠವನ್ನು ಮರೆಯಬಾರದು.

ತಳಿವಿಜ್ಞಾನದ ಹೆಸರಿನಲ್ಲಿ ನಡೆಯುವ ಇನ್ನೊಂದು ಅತಿರೇಕವನ್ನೂ ಇಲ್ಲಿ ಹೇಳಬೇಕು. ನಾಡದನಗಳ ಹಾಲಿನ ‘ಎ-2’ ಗುಣವನ್ನು ಮುಂದಿಟ್ಟು ಎಲ್ಲ ದೇಶೀ ತಳಿಗಳನ್ನೂ ಅದೊಂದರಿಂದಲೇ ಬೆಲೆಕಟ್ಟುವವರಿದ್ದಾರೆ. ಭಾರತದ ದನಗಳಲ್ಲಿ ಆ ರೂಪಭೇದ ಹೇರಳವಾಗಿರುವುದು ನಿಜ. ಆದರೆ ಅಮೃತಮಹಲ್ ಮುಖ್ಯವಾಗಿ ದುಡಿಮೆಯ ತಳಿ. ಅದರ ಹಾಲು ಸ್ವಲ್ಪವೇ. ಸಾವಿರಾರು ಜೀನುಗಳ ಕೂಟವನ್ನು ಒಂದರಿಂದ ಅಳೆಯುವುದು ಕಾವ್ಯವನ್ನು ಒಂದು ಪದದಿಂದ ಅಳೆದಂತೆ. ಅಲ್ಲದೆ, ಟ್ರ್ಯಾಕ್ಟರು ಬಂದು ಎತ್ತಿನ ದುಡಿಮೆ ಕುಗ್ಗಿರುವಾಗ, ಹಾಲಿನ ಕೀರ್ತಿಯಿಂದ ಮಾತ್ರ ಈ ತಳಿ ಉಳಿದೀತೆಂದು ನಂಬುವುದು ಆತ್ಮವಂಚನೆ.

ಕಟ್ಟಕಡೆಗೆ ಪ್ರಶ್ನೆ ನೆಲದ್ದು. 2010ರ ಆಸುಪಾಸಿನಲ್ಲಿ ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ರಕ್ಷಣೆ, ಅಣುವಿಜ್ಞಾನ, ಬಾಹ್ಯಾಕಾಶ ಮೊದಲಾದ ಸಂಶೋಧನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ವಿಷಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಹೋಯಿತು. ಆ ಸಂಸ್ಥೆಗಳ ಕಾರ್ಯದ ಮಹತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹುಲ್ಲುಗಾವಲನ್ನು ‘ಪಾಳು’ ಎಂದು ಕರೆಯುವ ಪರಿಭಾಷೆ ವಿಮರ್ಶೆಗೆ ಒಳಗಾಗಬೇಕು. ವೀರ್ಯವನ್ನು ಶೀತಲೀಕರಿಸಿ ದಶಕಗಳ ಕಾಲ ಇಡಬಹುದು. ಕಾವಲನ್ನು ಹಾಗೆ ಕೂಡಿಡಲಾಗದು. ನೆಲ ಹೋದ ಮೇಲೆ ಉಳಿಯುವುದು ತಳಿಯ ಅಕ್ಷರಮಾಲೆ. ಅದನ್ನು ಅರ್ಥವತ್ತಾಗಿಸುತ್ತಿದ್ದ ವಾಕ್ಯ ಉಳಿಯದು.

ಆದಕಾರಣ ನಮ್ಮ ಸೂಚನೆ ಇಷ್ಟು. ಹಟ್ಟಿಗಳಿಗೆ ಹೋಗಿ ಹಾಡನ್ನು ಸಂಗ್ರಹಿಸುವ ಸಾಹಿತ್ಯ ವಿದ್ಯಾರ್ಥಿಗಳು ಮಂದೆಯಲ್ಲಿ ಹೋರಿಗಳೆಷ್ಟು, ಅವು ಎಲ್ಲಿಂದ ಬಂದವು, ಬೇಸಗೆಯಲ್ಲಿ ಎಲ್ಲಿ ಮೇಯುತ್ತವೆ ಎಂಬುದನ್ನೂ ಬರೆದುಕೊಳ್ಳಲಿ. ರಕ್ತದ ಮಾದರಿಗಾಗಿ ಹೋಗುವ ಜೀವಶಾಸ್ತ್ರದ ವಿದ್ಯಾರ್ಥಿಗಳು ದನಗಳ ಹೆಸರುಗಳನ್ನೂ ಕಿಲಾರಿಯ ಮಾತನ್ನೂ ಕೇಳಿಕೊಳ್ಳಲಿ. ಇಬ್ಬರ ಟಿಪ್ಪಣಿಗಳೂ ಒಂದೇ ಕಡತದಲ್ಲಿ ಸೇರಲಿ. ಹಾಡಬಲ್ಲ ಹಿರಿಯರೂ ಮೇಯಬಲ್ಲ ಮಂದೆಗಳೂ ಒಟ್ಟಿಗೆ ವಿರಳವಾಗುತ್ತಿರುವ ಈ ಹೊತ್ತಿನಲ್ಲಿ ಇದನ್ನು ಮುಂದಿನ ಪೀಳಿಗೆಗೆ ಬಿಡಲು ಅವಕಾಶವಿಲ್ಲ.