ಅಯನಾವರದಲ್ಲಿ ಸರ್ವಜ್ಞ

ಚೆನ್ನೈ ನಗರದ ಅಯನಾವರದಲ್ಲಿ ಜೀವಾ ಪಾರ್ಕ್ ಎಂಬ ಉದ್ಯಾನವಿದೆ. ಅಲ್ಲಿಗೆ ಹೋದ ಹೊರನಾಡ ಕನ್ನಡಿಗನಿಗೆ ಸರ್ವಜ್ಞನ ವಿಗ್ರಹದ ದರ್ಶನವಾಗುತ್ತದೆ. ಅಬಲೂರು ಮಾಸೂರುಗಳ ಕವಿಯು ತಮಿಳರ ರಾಜಧಾನಿಯಲ್ಲಿ ನೆಲೆಗೊಂಡುದನ್ನು ಕಂಡು ಅವನು ಹಿಗ್ಗುವುದು ಸಹಜವೇ. ಆದರೆ ಈ ವಿಗ್ರಹವು ಯಾವ ಬಗೆಯ ಸ್ನೇಹವನ್ನು ಸಾರುತ್ತದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಜೋಡಿಯಾದ ತಿರುವಳ್ಳುವರ್ ವಿಗ್ರಹವು ಬೆಂಗಳೂರಿನ ಹಲಸೂರು ಕೆರೆಯ ಬಳಿ 1991ರಲ್ಲಿಯೇ ಸಿದ್ಧವಾಗಿದ್ದಿತು. ಅದು ಕಾವೇರಿಯ ನೀರಿಗಾಗಿ ಎರಡು ನಾಡುಗಳೂ ಕೆರಳಿದ ವರ್ಷ. ವಿರೋಧದ ಕಾರಣ ಕವಿಯು ಹದಿನೆಂಟು ವರ್ಷ ಮುಸುಕಿನೊಳಗೇ ಉಳಿಯಬೇಕಾಯಿತು. 2009ರ ಆಗಸ್ಟ್ 9ರಂದು ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿಯವರು ಅದನ್ನು ಅನಾವರಣಗೊಳಿಸಿದರು. 13ರಂದು ಕರ್ನಾಟಕದ ಮುಖ್ಯಮಂತ್ರಿ ಯಡಿಯೂರಪ್ಪನವರು ಅಯನಾವರದಲ್ಲಿ ಸರ್ವಜ್ಞನನ್ನು ಅನಾವರಣಗೊಳಿಸಿದರು. ನಡುವೆ ನಾಲ್ಕೇ ದಿನ! ಒಂದು ವಿಗ್ರಹಕ್ಕೆ ಇನ್ನೊಂದು ಜಾಮೀನು. ಜಗಳಕ್ಕಿಂತ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜಾಮೀನು ಬೇಡುವ ಸ್ನೇಹವು ಸಾಲದ ವ್ಯವಹಾರಕ್ಕೆ ಹತ್ತಿರವಾದುದು. ಪೊಳ್ಳು ಭಕ್ತಿಯನ್ನು ಹಳಿದ ಸರ್ವಜ್ಞನು ತಾನೇ ವಿಗ್ರಹವಾಗಿ ಈ ವ್ಯವಹಾರಕ್ಕೆ ಒದಗಿದುದು ಒಂದು ವಿನೋದವೇ ಸರಿ.

ಈ ಇಬ್ಬರು ಕವಿಗಳ ಸಂಬಂಧವನ್ನು ಪದ್ಯದಲ್ಲಿ ಹುಡುಕುವುದು ಲೇಸು. ಕುಱಳ್ ಎರಡು ಸಾಲಿನ ಪದ್ಯ: ಮೊದಲ ಸಾಲಿಗೆ ನಾಲ್ಕು ಸೀರ್, ಎಂದರೆ ಗಣ, ಎರಡನೆಯದಕ್ಕೆ ಮೂರು. ತ್ರಿಪದಿಯಲ್ಲಿ ಹನ್ನೊಂದು ಅಂಶಗಣಗಳು: ನಾಲ್ಕು, ನಾಲ್ಕು, ಕೊನೆಗೆ ಮೂರು. ಎರಡೂ ಮಾತನ್ನು ಬೆಳೆಸಿ, ಕಡೆಯ ಸಾಲನ್ನು ಮೊಟಕುಗೊಳಿಸಿ ಪೆಟ್ಟು ಹಾಕುತ್ತವೆ. ಇದರಿಂದ ಒಂದು ಮತ್ತೊಂದಕ್ಕೆ ಮೂಲವೆಂದು ಸಾಧಿಸಹೊರಡುವುದು ಅವಿವೇಕ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿ ಇದೆ. ಆದರೂ ಎರಡು ನಾಡಿನ ಕಿವಿಗೂ ಒಂದೇ ರೀತಿಯ ಮುಕ್ತಾಯ ಹಿಡಿಸಿತೆಂಬುದು ಗಮನಾರ್ಹ. ಎಲ್. ಗುಂಡಪ್ಪನವರು ತಿರುಕ್ಕುಱಳನ್ನು ಕನ್ನಡಕ್ಕೆ ತಂದಾಗ ಯಾವ ಸರಕಾರವೂ ಪ್ರತಿಫಲವಾಗಿ ತಮಿಳು ಸರ್ವಜ್ಞನನ್ನು ಕೇಳಲಿಲ್ಲ. ಊರೂರು ತಿರುಗಿ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರ ಶ್ರಮವೂ ಅಂಥದೇ.

ಗುಜರಾತಿನಲ್ಲಿ ನೆಲೆಸಿದ ವಾಚಕರಿಗೆ ಇದು ದೂರದ ಮಾತಲ್ಲ. ಅಹಮದಾಬಾದಿನ ಅಖೋ ಹದಿನೇಳನೆಯ ಶತಮಾನದವನು, ಅಕ್ಕಸಾಲಿಗ, ಟಂಕಸಾಲೆಯಲ್ಲಿ ಕೆಲಸದಲ್ಲಿದ್ದನೆಂದು ಪ್ರತೀತಿ. ಅವನ ಆರು ಸಾಲಿನ ಛಪ್ಪಾಗಳು ಕಪಟ ಗುರುಗಳನ್ನು ಸರ್ವಜ್ಞನಷ್ಟೇ ನಿರ್ದಾಕ್ಷಿಣ್ಯವಾಗಿ ಜಾಡಿಸುತ್ತವೆ. ಆದರೆ ಆರು ಸಾಲಿನ ವಿಸ್ತಾರದಲ್ಲಿ ಅವನು ವಾದಿಸಬಲ್ಲ, ದೃಷ್ಟಾಂತ ಕೊಡಬಲ್ಲ. ಮೂರೇ ಸಾಲಿನ ಸರ್ವಜ್ಞನಿಗೆ ಆ ಬಿಡುವಿಲ್ಲ. ವಡೋದರದ ಮಂಜಲ್‌ಪುರದಲ್ಲಿ ಮನೆಮಾಡಿಕೊಂಡು, ಗುಜರಾತಿ ಪಾಠದಲ್ಲಿ ಅಖೋನನ್ನು ಓದಿ, ಅಜ್ಜಿಯ ಬಾಯಲ್ಲಿ ತ್ರಿಪದಿಯನ್ನು ಕೇಳಿ ಬೆಳೆದವರು ಈ ಇಬ್ಬರನ್ನೂ ಎದುರುಬದುರು ಪುಟಗಳಲ್ಲಿ ಅಚ್ಚುಮಾಡಿಸಬಹುದು. ಅದಕ್ಕೆ ಉದ್ಯಾನವೂ ಬೇಡ, ಮಂತ್ರಿಗಳ ಬಿಡುವಿನ ದಿನವನ್ನು ಕಾಯುವುದೂ ಬೇಡ.